ಫ್ರಿಜ್ಜಿನ ಮೇಲಿನ ಚೀಟಿ

ಫೈಲಿನಲ್ಲಿ ಬರೆದಿದ್ದಾರೆ:
ಹೆಸರು ಮನ್ವಿತ್, ವಯಸ್ಸು ಐದೂವರೆ,
ಕರೆದರೆ ತಿರುಗುವುದಿಲ್ಲ, ಕಣ್ಣು ಕೂಡಿಸುವುದಿಲ್ಲ,
ತಿರುಗುವ ವಸ್ತುಗಳ ಮೇಲೆ ಅತಿಯಾದ ಆಸಕ್ತಿ.
ತಂದೆಯ ಉದ್ಯೋಗ ಎಂಬಲ್ಲಿ ನಾನೇ ಬರೆದೆ:
ವೀಲ್ ಅಲೈನ್‌ಮೆಂಟ್, ಸಾಗರ ರಸ್ತೆ, ಶಿವಮೊಗ್ಗ.
ಎರಡನ್ನೂ ಒಟ್ಟಿಗೆ ಓದಿ ಡಾಕ್ಟರು ನಗಲಿಲ್ಲ.
ನಾನು ನಕ್ಕೆ, ಒಬ್ಬನೇ.

ಇದಕ್ಕೆ ಮದ್ದಿಲ್ಲ, ಮೊದಲ ದಿನವೇ ಅಂದರು.
ನಿದ್ದೆಗೆ ಬೇಕಾದರೆ ಒಂದು ಮಾತ್ರೆ, ಫಿಟ್ಸ್ ಬಂದರೆ ಬೇರೆ ಮಾತು;
ಉಳಿದದ್ದು ಕಲಿಸುವುದು, ಕಾಯುವುದು.
ಮಂಗಳವಾರ, ಶುಕ್ರವಾರ, ಮುಕ್ಕಾಲು ಗಂಟೆ.

ಮದ್ದಿಲ್ಲ ಅಂದ ಮೇಲೆ ಮದ್ದು ಹೇಳುವವರು ಎಷ್ಟು ಮಂದಿ!
ಬಜೆ ತೇದು ನಾಲಗೆಗೆ ತಿಕ್ಕು ಎಂದಳು ಅಕ್ಕ.
ಗೋಧಿ ಬಿಡಿಸು, ಹಾಲು ಬಿಡಿಸು ಎಂದಿತು ವಾಟ್ಸಾಪು.
ಆಮೇಲೆ ಒಂಟೆಹಾಲಿನ ಪುಡಿ, ಡಬ್ಬಿಗೆ ಮೂರು ಸಾವಿರ.
ಇನ್ನೊಬ್ಬ ಫೋನಿನಲ್ಲಿ:
ಬೆನ್ನಿಗೆ ಒಂದು ಸೂಜಿ, ಆರು ಲಕ್ಷ, ಮಾತು ಗ್ಯಾರಂಟಿ.
ಟಯರಿಗೆ ಗ್ಯಾರಂಟಿ ಕಾರ್ಡು ನಾನೂ ಕೊಡುತ್ತೇನೆ,
ಹಿಂದುಗಡೆ ಸಣ್ಣಕ್ಷರದಲ್ಲಿ ಏನಿರುತ್ತದೆಂದು ಬಲ್ಲೆ.
ಆದರೂ ಒಂದು ರಾತ್ರಿ ಬೀರು ತೆಗೆದು
ಸೈಟಿನ ಕಾಗದ ನೋಡಿದ್ದೆ.
ಸುಳ್ಳು ಯಾಕೆ.

ವಿನೋಬನಗರದಲ್ಲಿ ಜೆಸಿಂತಾ ಮೇಡಂ ಕೋಣೆ:
ಒಂದು ಜೋಕಾಲಿ, ಒಂದು ಬೋಗುಣಿ ಅಕ್ಕಿ,
ಅಕ್ಕಿಯೊಳಗೆ ಹುಗಿದಿಟ್ಟ ಅಂಗಿಗುಂಡಿ.
ಗೋಡೆಯ ಮೇಲೆ ಚಿತ್ರದ ಚೀಟಿ.
ನೀರು. ಬಿಸ್ಕತ್ತು. ಉಚ್ಚೆ. ಜೋಕಾಲಿ. ಸಾಕು.
ನೀರಿನ ಚೀಟಿ ಕಿತ್ತು ಕೈಗಿಟ್ಟರೆ ನೀರು ಬರುತ್ತದೆ,
ಪಾಠ ಇಷ್ಟೇ. ಇದನ್ನೇ ನಾಲ್ಕು ತಿಂಗಳು.
ನಾಲ್ಕು ತಿಂಗಳಲ್ಲಿ ನಾನು
ಒಂದು ಲಾರಿಯನ್ನೇ ಬಿಚ್ಚಿ ಕಟ್ಟುತ್ತಿದ್ದೆ ಅಂದೆ.
ಅವರು ಚೆಲ್ಲಿದ ಅಕ್ಕಿ ಗುಡಿಸುತ್ತಾ,
"ಇವನನ್ನು ಬಿಚ್ಚಬೇಡಿ" ಅಂದರು, ಅಷ್ಟೆ.

ಮನೆಗೂ ಒಂದು ಸೆಟ್ ಕೊಟ್ಟರು.
ಕುಸುಮ ಫ್ರಿಜ್ಜಿಗೆ ಅಂಟಿಸಿದಳು. ಧೂಳು ಹಿಡಿಯಿತು.

ಬುಧವಾರ ಬೆಳಗ್ಗೆ ಬಜೆ ತೇದೆ.
ಅಕ್ಕನ ಮಾತು, ಬಿಡಲಾಗಿರಲಿಲ್ಲ.
ಒಂದು ಕೈಲಿ ಗಲ್ಲ ಒತ್ತಿ ಹಿಡಿದು, ಇನ್ನೊಂದರ ಬೆರಳು ಬಾಯಿಗೆ.
ಕೊಸರಿಕೊಂಡ. ಓಡಿದ.
ಇನ್ನು ನೆಲಕ್ಕೆ ಹಣೆ ಚಚ್ಚಿಕೊಳ್ಳುತ್ತಾನೆ ಅಂದುಕೊಂಡು
ದಿಂಬು ಹಿಡಿದು ಹಿಂದೆಯೇ ಹೋದೆ.
ಚರ್ರೆಂದು ಏನೋ ಕಿತ್ತ ಸದ್ದು.
ಬಂದ. ನನ್ನ ಮುಖ ನೋಡಲಿಲ್ಲ.
ಬಜೆ ಮೆತ್ತಿದ ನನ್ನ ಅಂಗೈ ಬಿಡಿಸಿ ಇಟ್ಟ:
ಸಾಕು.

ಕೈ ತೊಳೆದೆ.
ಬಜೆ ಕೊರಡನ್ನೂ ತೇಯುವ ಕಲ್ಲನ್ನೂ ಒಟ್ಟಿಗೆ ತೊಳೆದೆ,
ಯಾಕೋ ಬಹಳ ಹೊತ್ತು.

ಶುಕ್ರವಾರ ಮೇಡಂ ಫೈಲು ತೆಗೆದು ತಾರೀಕು ಹಾಕಿದರು.
"ಹೇಳಿಕೊಡದೆ, ತಾನಾಗಿ."
ಪೆನ್ನು ಎತ್ತಿ ಕೇಳಿದರು, ನೀವು ನಿಲ್ಲಿಸಿದಿರಾ?
ನಿಲ್ಲಿಸಿದೆ.
ಹಾಗಾದರೆ ಅದನ್ನೂ ಬರೆಯಬೇಕು ಅಂದರು.

ಹೊರಗೆ, ಯಾರದೋ ಸೈಕಲ್ಲನ್ನು ಬೋರಲು ಹಾಕಿಕೊಂಡು
ಚಕ್ರ ತಿರುಗಿಸುತ್ತಾ ಕೂತಿದ್ದ.
ಎಡಕ್ಕೆ ಕೂದಲೆಳೆಯಷ್ಟು ಬೆಂಡು.
ಅವನಿಗೂ ಕಂಡಿದೆ;
ಆ ಜಾಗ ಬಂದಾಗೆಲ್ಲ
ಬೆರಳ ತುದಿ ತಾಗಿಸುತ್ತಾನೆ.