ಮೂವತ್ತೊಂದನೆಯ ನಾಯಿ

ವಾಗಾ ವಾಗಾದಲ್ಲಿ ಜುಲೈ. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ.
ಏಳಕ್ಕೇ ಬಂದು ನಿಂತಿದೆ ಕಾಲಿನ್ ಹ್ಯಾದರ್ಲಿಯ ಟ್ರಕ್ಕು,
ಹೀಟರ್ ಆರಿಸದೆ.
ಬಾಗಿಲು ತೆರೆದರೂ ನಾಯಿ ಜಿಗಿಯಲಿಲ್ಲ.
ಹೋದ ವರ್ಷ ಜಿಗಿದಿತ್ತು.
ಎರಡೂ ಕೈ ಕೊಟ್ಟು ಇಳಿಸಿದ ಮುದುಕ,
ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸುವ ಹಾಗೆ.

ಬ್ರ್ಯಾಕನ್. ಕೆಲ್ಪಿ ಜಾತಿ. ನಮ್ಮ ಪಟ್ಟಿಯಲ್ಲಿ ಮೂವತ್ತೊಂದು.
ರಾತ್ರಿಯಿಂದ ಉಪವಾಸ;
ಇವತ್ತು ಏಕಾದಶಿ ಎಂದು ಅದಕ್ಕೆ ಹೇಳುವವರ್ಯಾರು?
ನನ್ನ ಕೋಟಿನ ಜೇಬನ್ನೇ ಮೂಸುತ್ತಿದೆ.
ಬಿಸ್ಕತ್ತು ಇರುವುದು ಅಲ್ಲೇ, ಆದರೆ ಸೂಜಿಯ ನಂತರ:
ಹನ್ನೆರಡು ಜುಲೈಗಳಿಂದ ಬಲ್ಲದು.

ಮಧ್ಯಾಹ್ನ ಯಂತ್ರ ಹಾಳೆ ಉಗುಳಿತು.
ಲ್ಯೂಸೀನ್ ಇಳಿದಿದೆ. ಟ್ರಿಪ್ಟೊಫ್ಯಾನ್ ಇನ್ನೂ ಕೆಳಗೆ.
ಗ್ಲೈಸೀನ್ ಮಾತ್ರ, ಯಾಕೋ, ಇದ್ದಲ್ಲೇ ಇದೆ,
ಅಕ್ಕಪಕ್ಕದವರೆಲ್ಲ ಖಾಲಿ ಮಾಡಿದ ವಠಾರದಲ್ಲಿ
ಇನ್ನೂ ಬಾಡಿಗೆ ಕಟ್ಟುವವನಂತೆ.
ವರ್ಷಕ್ಕೊಂದು ಚುಕ್ಕಿ. ಸೇರಿಸಿ ಗೆರೆ ಎಳೆದೆ.
ನಳಿಗೆಗೆ ಹಾಕಿದ್ದು ಬಾಲವನ್ನಲ್ಲ, ರಕ್ತವನ್ನು;
ಆದರೂ ಡೊಂಕೇ.

ಕಾಲಿನ್ ಹೋಗಿರಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ
ನಾಯಿಯ ಕಿವಿಯೊಳಗೆ ಏನೋ ಹೇಳುತ್ತಿದ್ದ.
"ಚೆನ್ನಾಗಿದೆಯಾ?"
"ತಿಂದದ್ದು ಸಾಲುತ್ತಿಲ್ಲ," ಎಂದೆ.
"ಮೈ ತನ್ನ ತೊಡೆಯಿಂದಲೇ ಕೈಗಡ ತರುತ್ತಿದೆ."
"ತೀರಿಸುತ್ತದಾ?"
ನಾನು ಹಾಳೆ ಮಡಿಸಿದೆ, ಮತ್ತೆ ಬಿಡಿಸಿದೆ.

ಆಗ ಅವನು ಸ್ವೆಟರಿನ ತೋಳು ಮೇಲೆತ್ತಿದ.
ಸಾವಿರಾರು ಕುರಿಗಳ ಉಣ್ಣೆ ಕತ್ತರಿಸಿದ ಕೈ;
ಗಡಿಯಾರ ಮಣಿಕಟ್ಟಿನಿಂದ ಜಾರಿ
ಮೊಣಕೈಯಲ್ಲಿ ನಿಂತಿತು.
"ನನ್ನದೂ ಒಂದು ಕೊಳವೆ ತಗೋ.
ನಮ್ಮಿಬ್ಬರದೂ ಒಂದೇ ತಟ್ಟೆ.
ಮೊದಲು ಮಾಂಸ ನನಗೆ, ಮೂಳೆ ಅದಕ್ಕೆ.
ಈಗ ಅದಕ್ಕೂ ಹಲ್ಲಿಲ್ಲ, ನನಗೂ ಹಸಿವಿಲ್ಲ."

ಅರ್ಜಿಯಲ್ಲಿ ಮನುಷ್ಯರಿಗೆ ಕಾಲಂ ಇಲ್ಲ ಎಂದೆ.
"ನಾಯಿ ಅಂತಲೇ ಬರಕೋ," ಎಂದು ನಕ್ಕ.
ಬರೆಯಲಿಲ್ಲ. ಜೇಬಲ್ಲಿ ಉಳಿದಿದ್ದ ಬಿಸ್ಕತ್ತು ಮುರಿದು
ಅರ್ಧ ಅವನಿಗೆ ಕೊಟ್ಟೆ. ತಿಂದ, ಗಂಭೀರವಾಗಿ.

ಸಂಜೆ, ಹೊಸ ಕೊಳವೆ ಇಡಲೆಂದು
ಮೈನಸ್ ಎಂಬತ್ತರ ಬಾಗಿಲು ತೆರೆದೆ.
ಹೊಗೆ. ಕೈಗವಸಿನೊಳಗೂ ಕಚ್ಚುವ ಚಳಿ.
ಡಬ್ಬಿಯ ಮೊದಲ ಸಾಲಲ್ಲಿ, ಮಸುಕಾದ ನನ್ನದೇ ಅಕ್ಷರ:
ಮೂವತ್ತೊಂದು, ವಯಸ್ಸು ಒಂದು.
ಹೆಪ್ಪುಗಟ್ಟಿದ ಆ ಒಂದು ಚಮಚೆ ಕೆಂಪು
ಇನ್ನೂ ಬೇಲಿ ಹಾರುತ್ತಿದೆ,
ಇನ್ನೂರು ಕುರಿಗಳನ್ನು ಒಂದೇ ನೋಟಕ್ಕೆ ತಿರುಗಿಸುತ್ತಿದೆ.

ಪಕ್ಕದಲ್ಲೇ ಇಟ್ಟೆ ಇವತ್ತಿನದನ್ನು.
ಸಾಲಿನಲ್ಲಿ ಅದರ ಜಾಗ ಅದಲ್ಲ,
ಗೊತ್ತು. ನಾಳೆ ಸರಿ ಮಾಡುತ್ತೇನೆ.