ನಾ ಬರೀಲಾರದ ಸಾಲು

ದಿನಾ ಹನ್ನೊಂದಕ್ಕ ಗಂಜಿನ ಧಾರಣಿ ಪುಟಕ್ಕ ಏರಸ್ತೀನಿ:
ಬಿಳಿ ತೊಗರಿ, ಕೆಂಪು ತೊಗರಿ, ಕಡಲಿ, ಹೆಸರು.
ಅಂಗಡಿ ಚನಮಲ್ಲಪ್ಪ ಸಾಹುಕಾರ್ರದು, ಪುಟ ನನ್ನ ಕೈಯಿಂದು,
ಒಂದೊಂದು ಸಾಲೂ ನಾನೇ ಕೂತು ಬರದದ್ದು.

ಆ ಸೋಮವಾರ ಕಟ್ಟಿ ಮ್ಯಾಲ ಕೂತ ಮುದುಕ ಒಬ್ಬ
ನಮ್ಮ ವೈಫೈ ಹಿಡಿದು ಧಾರಣಿ ನೋಡಾಂವ
ಫೋನ್ ನನ್ನ ಕಡೆ ತಿರುವಿದ:
"ಏನವ್ವಾ, ಅಡತ್ಯಾಗ ಈಗ ಇಸ್ಪೀಟೂ ಶುರು ಮಾಡೀರೇನು?"
ಕಡಲಿ ಕೆಳಗ ಬಂಗಾರ ಬಣ್ಣದ ಪಟ್ಟಿ ಕುಣೀಲಿಕ್ಕತ್ತಿತ್ತು,
ರಮ್ಮಿ ಆಡ್ರಿ, ಲಕ್ಷ ಗೆಲ್ರಿ.

ಪುಟದ ಹೊಟ್ಟಿ ಬಗೆದೆ.
ತಳಕ್ಕ, ಬಾಡಿ ಮುಚ್ಚೋ ಟ್ಯಾಗಿಗೆ ಒರಗಿ
ಕೂತಿತ್ತು ಸ್ಕ್ರಿಪ್ಟಿನ ಒಂದೇ ಸಾಲು.
ಅಂಕಿ ಅಕ್ಷರ ಕಲಸಿದ ಉದ್ದನ್ನ ವಿಳಾಸ, ಯಾವ ಊರಿಂದೋ.
ಅಳಿಸಬೇಕಂತ ಸರ್ವರಿನ ಫೈಲ್ ತೆರೆದೆ.
ಅಲ್ಲಿ ಇಲ್ಲ.
ಪುಟಕ್ಕ ಬಂದೆ. ಅದ.
ಫೈಲಿಗೆ ಹೋದೆ. ಇಲ್ಲ.

ಇಲ್ಲದ ಸಾಲು ಅಳಿಸೋದು ಹ್ಯಾಂಗ?

ಮನಸಿಗೆ ಮೊದಲು ಬಂದವ ಅಂಬಾರಾಯ.
ದೀಪಾವಳಿ ಬೋನಸ್ಸಿಗೆ ಜಗಳಾಡಿ ಬಿಟ್ಟು ಹೋದ ಹುಡುಗ,
ಪಾಸ್ವರ್ಡ್ ಬಲ್ಲವ.
ಎರಡನೇ ಯೋಚನಿ ಮಾಡ್ಲಿಲ್ಲ, ಫೋನ್ ಹಚ್ಚಿದೆ:
"ಉಂಡ ತಾಟಿನ್ಯಾಗ ಉಗುಳತಿಯೇನೋ?"
ಆ ಕಡೆ ತುಸು ಹೊತ್ತು ಬರೇ ಟ್ರ್ಯಾಕ್ಟರಿನ ಸದ್ದು.
ಆಮ್ಯಾಲ ಅಂದ,
"ಅಕ್ಕೋರೇ, ಅದರ ಪಾಸ್ವರ್ಡ್ ಮರತೇ ಹೋಗೇದ ನನಗ."
ಇಟ್ಟುಬಿಟ್ಟ.

ಆದರೂ ಪಾಸ್ವರ್ಡ್ ಬದಲಿಸಿದೆ.
ಪ್ಲಗಿನ್ ಒಂದೊಂದೇ ಕಿತ್ತಿ, ಮತ್ತ ಹಚ್ಚಿ,
ಮೊರದಾಗ ಬ್ಯಾಳಿ ಹರವಿ ಹರಳು ಹುಡುಕಿದಂಗ
ಮುಸ್ಸಂಜಿ ಮಟ ಹುಡುಕಿದೆ.
ಮೊರದಾಗ ಎಲ್ಲಾ ಹಸನು.
ಬಾಯಾಗ ಹಾಕಿದರ ಕಟಕ್.

ರಾತ್ರಿ ಬ್ರಹ್ಮಪುರದ ಮನ್ಯಾಗ
ಅನ್ನಕ್ಕ ಇಟ್ಟು, ಮೊಬೈಲ್ ಡೇಟಾದಾಗ ಸುಮ್ಮ ತೆರೆದೆ.
ಪಟ್ಟಿ ಇಲ್ಲ.
ನಿದ್ದಿ ಬರಲಿಲ್ಲ.
ಮುಂಜಾನೆ ಅಂಗಡಿ ಬೀಗ ತೆಗೆಯೋ ಮೊದಲು,
ಫರ್ಸಿ ಮ್ಯಾಲ ನಿಂತು ನೋಡ್ದೆ: ಇಲ್ಲ.
ಒಳಗ ಬಂದು ವೈಫೈ ಹಚ್ಚಿದೆ: ಅದ.
ತೆಗೆದೆ, ಇಲ್ಲ. ಹಚ್ಚಿದೆ, ಅದ.
"ಏನವಾ, ದೀಪದ ಬಟನ್ ಮಾಡಿಯೇನು ಅದನ್ನ?" ಅಂದ್ರು ಸಾಹುಕಾರ್ರು.

ಕಳ್ಳ ಮನ್ಯಾಗಿಲ್ಲ, ಹಾದ್ಯಾಗ ಅದಾನ.

ನಮ್ಮ ವಿಳಾಸದ ಮೊದಲಿಗೆ, ಎಚ್‌ಟಿಟಿಪಿ ಆದಮ್ಯಾಲ
ಒಂದು ಎಸ್ ಇರಬೇಕಿತ್ತು, ಇರಲಿಲ್ಲ.
ಆರು ವರ್ಷ ನಾ ಧಾರಣಿ ಕಳಿಸಿದ್ದು
ಬಾಯಿ ಹೊಲೀಲಾರದ ಚೀಲದಾಗ.
ಲಾರಿ ನಿಂತಲ್ಲಿ ಯಾರರೆ ಕೈ ಹಾಕಿ
ಒಂದು ಬೊಗಸಿ ಹರಳು ಸುರೀಬಹುದಿತ್ತು,
ಸುರಿದಿದ್ರು.

ಕೇಬಲ್ಲಿನ ಮೈನುದ್ದೀನ್ ಭಾಯಿ ಕಂಬದಿಂದ ಇಳಿದು
ಕಟರ್ ಕಿಸೇದಾಗ ಇಟಗೊಂಡ:
"ಮ್ಯಾಲಿಂದ ಬರ್ತದ್ರಿ ಅದು. ನಂದು ತಂತಿ ಅಷ್ಟ.
ನನ್ನ ಮಗಳು ರಿಸಲ್ಟ್ ನೋಡಾಕ ಕೂತಾಗೂ
ಮೊದಲು ರಮ್ಮಿನೇ ಬಂತು ನೋಡ್ರಿ."
ನಕ್ಕ. ನಾನೂ ನಕ್ಕೆ, ಅರ್ಧ.

ಸರ್ಟಿಫಿಕೇಟ್ ಹಾಕ್ಲಿಕ್ಕೆ ರೊಕ್ಕ ಬೇಕಾಗಲಿಲ್ಲ.
ದಬ್ಬಣ, ಸುತಳಿ, ನಾಕು ಹೊಲಿಗಿ;
ಚಾ ಆರೋದ್ರೊಳಗ ವಿಳಾಸದ ಬಾಜೂಕ
ಸಣ್ಣ ಬೀಗ ಬಂದು ಕೂತಿತು.
ಕಡಲಿ ಕೆಳಗ ಈಗ ಹೆಸರು, ಹೆಸರಿನ ಕೆಳಗ ಏನೂ ಇಲ್ಲ.

ಅಂಬಾರಾಯಗ ಅಂದ ಆ ತಾಟಿನ ಮಾತು
ನಂದಲ್ಲ, ಸಾಹುಕಾರ್ರದು;
ಆಳು ಬಿಟ್ಟಾಗೊಮ್ಮೆ ಅವರು ಅನ್ನೋದು,
ಹಾದ್ಯಾಗ ನನ್ನ ಬಾಯಿ ಸಿಕ್ಕಿತು, ಅಷ್ಟೇ
ಅಂತ ಎರಡು ದಿನ ನನಗ ನಾನೇ ಹೇಳಿಕೊಂಡೆ.
ಮೂರನೇ ದಿನ ಒಳಗಿನ ಫೈಲ್ ತೆರೆದು ನೋಡ್ದೆ.
ಅಲ್ಲೇ ಇತ್ತು.
ನನ್ನವೇ ಅಕ್ಷರ.

ಆಯಿತವಾರ ಕಮಲಾಪುರದ ಬಸ್ ಹತ್ತೀನಿ.
ಫೋನಿನ್ಯಾಗ ಹೇಳೋ ಮಾತಲ್ಲ ಇದು,
ಹಾದಿ ನಡುವ ಯಾರು ಏನು ಸೇರಸ್ತಾರೋ.