ಸಮಾಧಾನದ ಸದ್ದು

ವೀಗೊ ಬಂದರಿನ ಮೀನು ಕಂಪನಿ, ಮೂರನೇ ಮಹಡಿ.
ಗೋಡೆಯುದ್ದಕ್ಕೂ ಹಳೆಯ ಎಕ್ಸ್‌ಚೇಂಜು,
ಬಿಚ್ಚಿದರೆ ಮತ್ತೆ ಹೆಣೆಯಲಾರೆವೆಂದು
ಇಪ್ಪತ್ತೊಂಬತ್ತು ವರ್ಷ ಯಾರೂ ಮುಟ್ಟದ ತಂತಿಯ ಜಡೆ.
ನಾನು ಬಿಚ್ಚಲೆಂದೇ ಬಂದವನು.

ಅದರ ಮುಂದೆ ಕೂತವಳು ದೊರಿಂದಾ.
ಇನ್ನೂರ ಹದಿನಾಲ್ಕು ನಂಬರು ಬಾಯಿಪಾಠ:
ಹರಾಜುಕಟ್ಟೆ ಮೂವತ್ತು, ಮಂಜುಗಡ್ಡೆ ಮೂವತ್ತೆರಡು.
ನಡುವಿನ ಮೂವತ್ತೊಂದು
ಲೆಕ್ಕಿಗ ಪ್ಲಾಸಿದೊ ತೀರಿಕೊಂಡ ಮೇಲೆ
ಯಾರಿಗೂ ಕೊಟ್ಟಿಲ್ಲ. ಕೇಳಿದವರಿಗೆ, ಕೆಟ್ಟಿದೆ ಅನ್ನುತ್ತಾಳೆ.

ಆಡಳಿತದ ಸಭೆಯಲ್ಲಿ ನಾನು ಹೇಳಿದ್ದಿಷ್ಟು:
ಹಳೆಯ ವಿಳಾಸಗಳು ಮುಗಿದಿವೆ.
ಹೊರಲೋಕಕ್ಕೆ ನಿಮ್ಮ ಇಡೀ ಕಂಪನಿಗೆ ಒಂದೇ ಬಾಗಿಲು,
ಒಳಗೆ ಯಾರ ಕಾಗದ ಯಾರಿಗೆಂದು
ಬಾಗಿಲ ಕಾಯುವವನು ನೆನಪಿಟ್ಟು ಹಂಚುತ್ತಾನೆ.
ಅವನು ಮರೆತ ದಿನ
ನಿಮಗೆ ಅವರು ಕೇಳಿಸುತ್ತಾರೆ, ಅವರಿಗೆ ನೀವು ಕೇಳಿಸುವುದಿಲ್ಲ.
ಹೊಸ ಕ್ರಮದಲ್ಲಿ ಪ್ರತಿ ಫೋನಿಗೂ,
ಶೀತಕೋಣೆಯ ಪ್ರತಿ ಥರ್ಮಾಮೀಟರಿಗೂ ಸ್ವಂತ ವಿಳಾಸ.

ಎಷ್ಟುದ್ದ? ಎಂದರು. ಹಲಗೆಯ ಮೇಲೆ ಬರೆದೆ.
ಹಣಕಾಸಿನ ಸಬೇಲ ನಕ್ಕಳು:
ಇದು ವಿಳಾಸವೋ, ಟ್ಯೂನಾ ಡಬ್ಬಿಯ ಬೆನ್ನ ಮೇಲಿನ ಬರಹವೋ?
ಸಾಲುಸಾಲು ಸೊನ್ನೆ ಬಂದರೆ ಬರೆಯಬೇಕಿಲ್ಲ, ಅಂದೆ.
ಮೇಲೆರಡು ಕೆಳಗೆರಡು ಚುಕ್ಕಿ ಇಟ್ಟರಾಯಿತು,
ಇರುವ ಸೊನ್ನೆಯೆಲ್ಲ ಅಲ್ಲಿ ಮಡಚಿಕೊಳ್ಳುತ್ತದೆ.
ಒಮ್ಮೆ ಮಾತ್ರ. ಎರಡು ಕಡೆ ಮಡಚಿದರೆ
ಎಲ್ಲಿ ಎಷ್ಟು ಖಾಲಿಯಿತ್ತೆಂದು
ಬರೆದವನಿಗೂ ತಿಳಿಯದು.

ಶುಕ್ರವಾರ ರಾತ್ರಿ ಬದಲಾಯಿಸಿದೆವು.
ಶನಿವಾರ ನಸುಕಿನ ಐದಕ್ಕೆ
ಐರ್ಲೆಂಡಿನಾಚೆಯ ಕಡಲಿಂದ ಕಪ್ತಾನ ಬಾಲ್ತಸಾರ್.
ಬೆಲೆ ಕೇಳಿದ, ಉತ್ತರ ಬರುವ ಮುಂಚೆ ಇಟ್ಟುಬಿಟ್ಟ.
ಮತ್ತೆ ಮಾಡಿದ. ಮತ್ತೆ ಇಟ್ಟ.
ಮೂರನೇ ಸಲ ಕೂಗಿದ: ಲೈನು ಸತ್ತಿದೆ! ಇದ್ದೀಯಾ?
ಇದ್ದಳು. ಕನ್ನಡಕ ಹುಡುಕುತ್ತಿದ್ದಳು.
ಅವಳು ಸುಮ್ಮನಿದ್ದಷ್ಟು ಹೊತ್ತು ಯಂತ್ರ ಏನನ್ನೂ ಕಳಿಸಲಿಲ್ಲ.
ಮೌನಕ್ಕೇಕೆ ಬಾಡಿಗೆ ತೆರಬೇಕೆಂದು
ನಾನೇ ಹಾಗೆ ಹೊಂದಿಸಿದ್ದೆ.

ಅದಕ್ಕೊಂದು ಮದ್ದುಂಟು, ನಮ್ಮವರು ಇಟ್ಟ ಹೆಸರು
ಸಮಾಧಾನದ ಸದ್ದು:
ಯಾರೂ ಉಸಿರಾಡದ ಉಸಿರು,
ಶ್‌ಶ್ ಎನ್ನುವ ಎಳ್ಳಷ್ಟು ಸುಳ್ಳು.
ಹಾಕಿದೆ. ಈಗ ಸರಿಯಾಯ್ತು, ಅಂದ ಬಾಲ್ತಸಾರ್.

ದೊರಿಂದಾ ಹೆಡ್‌ಫೋನು ಕೆಳಗಿಟ್ಟಳು.
ಎಂಜಿನ್ನೆಲ್ಲಿ?

ಹಳೆಯ ಲೈನಿನಲ್ಲಿ ಅವನ ಮಾತಿನ ಹಿಂದೆ
ದೋಣಿ ಕೇಳಿಸುತ್ತಿತ್ತಂತೆ.
ಹೊಟ್ಟೆ ತುಂಬಿದಾಗ ಒಂದು ದನಿ, ಹಸಿದಾಗ ಇನ್ನೊಂದು.
ಅವನು ಯಾವತ್ತೂ 'ಪರವಾಗಿಲ್ಲ' ಅಂತಲೇ ಹೇಳುವವನು,
ಮಂಜುಗಡ್ಡೆ ಎಷ್ಟು ಒಡೆಯಬೇಕೆಂದು
ಹೇಳುತ್ತಿದ್ದುದು ಅದು.
ನನ್ನ ಜರಡಿ ಅದನ್ನು ಗದ್ದಲವೆಂದು ಸೋಸಿ ಎಸೆದಿತ್ತು,
ಬದಲಿಗೆ ನನ್ನ ಶ್‌ಶ್ ಇಟ್ಟಿತ್ತು.

ಕೈಪಿಡಿ ತಿರುವಿದೆ. ಒಂದು ಫೋನಿಗೆ,
ಒಂದೇ ಒಂದಕ್ಕೆ, ಜರಡಿ ತೆಗೆದೆ; ಹಡಗಿನ ಕಡೆಯೂ ತೆಗೆಸಿದೆ.
ವರದಿಯಲ್ಲಿ ಬರೆಯಲಿಲ್ಲ.
ಮತ್ತೆ ಆ ಮೂವತ್ತೊಂದು? ಅಂದಳು, ಬೇರೆಲ್ಲೋ ನೋಡುತ್ತ.
ಅದಕ್ಕೂ ಒಂದು ವಿಳಾಸ ಕೊಟ್ಟೆ.
ವಿಳಾಸಕ್ಕೇನು ಬರವೇ ಈಗ.

ಮಂಗಳವಾರ ಮತ್ತೆ ಕರೆ.
ಅವಳು ಕಣ್ಣುಮುಚ್ಚಿ ಕೇಳಿದಳು,
ನನ್ನತ್ತ ಬೆರಳೆತ್ತಿದಳು: ಮುನ್ನೂರು ಪೆಟ್ಟಿಗೆ.
ಅವನಿನ್ನೂ ಗಾಳಿಯನ್ನು ಬೈಯುತ್ತಿದ್ದ.